ಮೊದಲ ಏರ್ ಪಿಸ್ತೂಲ್: ಆಫರ್ ನೋಡಿ ಕೊಳ್ಳುವ ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

2024ರ ಜುಲೈ 28. ಹೊರಗೆ ಆಷಾಢದ ಮಳೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅವತ್ತು ಕರೆಂಟು ಇದ್ದದ್ದೇ ಪುಣ್ಯ. ಮನು ಭಾಕರ್ ಪ್ಯಾರಿಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು ಗೆದ್ದದ್ದನ್ನು ಎಲ್ಲರೂ ಟಿವಿ ಮುಂದೆ ಕೂತು ನೋಡಿದೆವು. ಎರಡು ದಿನ ಬಿಟ್ಟು ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಮಗಳು ಕೇಳಿದಳು: "ಚಿಕ್ಕಪ್ಪ, ನಂಗೂ ಒಂದು ಪಿಸ್ತೂಲ್ ಕೊಡಿಸ್ತೀಯಾ?"

ಕೊಡಿಸಿದೆ. ದಸರಾ ಆಫರ್‌ನಲ್ಲಿ, ಅರ್ಧ ಬೆಲೆಗೆ, ಫೋನಿನಲ್ಲೇ ಆರ್ಡರ್ ಮಾಡಿ. ಆಯುಧಪೂಜೆಗೆ ಸರಿಯಾಗಿ ಬಂತು. ಅಜ್ಜನ ಕಾಲದ ಲೈಸೆನ್ಸಿನ ಕೋವಿ ಪಕ್ಕ ಇಟ್ಟು, ಕುಂಕುಮ ಹಚ್ಚಿ, ಹೂ ಏರಿಸಿದ್ದೂ ಆಯ್ತು. ಮರುದಿನ ಹಲಗೆಗೆ ಗುರಿಯಿಟ್ಟು ಹೊಡೆದರೆ ಗುಂಡು ಹೋದ ದಾರಿಯಲ್ಲೇ ವಾಪಸ್ ಬಂತು. ಜಗಲಿಯಲ್ಲಿದ್ದ ಫೋಟೋದ ಗಾಜು ಚೂರಾಯಿತು. ಯಾರ ಕಣ್ಣಿಗೂ ಬೀಳಲಿಲ್ಲ, ಅಷ್ಟೇ ಸಮಾಧಾನ. ನಾನು ಕೊಂಡದ್ದು ಗುರಿ ಕಲಿಯುವ ಪಿಸ್ತೂಲೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ಉಕ್ಕಿನ ಸಣ್ಣ ಗುಂಡು ಹಾರಿಸುವ ಆಟದ ಸಾಮಾನು ಅದು.

ಆಮೇಲೆ ಎರಡನೇ ಸಲ ಸರಿಯಾಗಿ ವಿಚಾರಿಸಿಕೊಂಡು ಕೊಂಡೆವು. ಆ ದುಡ್ಡಿನಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಮದ್ದಿನದೋ, ಗಾಳಿಯದೋ

ಪಿಸ್ತೂಲ್ ಅಂದಾಗ ನಮ್ಮ ಕಡೆ ಎರಡು ಬೇರೆ ಬೇರೆ ಸಾಮಾನು ಒಂದೇ ಹೆಸರಿನಲ್ಲಿ ಓಡಾಡುತ್ತವೆ.

ಒಂದು, ಮದ್ದಿನ ಪಿಸ್ತೂಲ್. ಇದಕ್ಕೆ ಆಫರ್, ಡಿಸ್ಕೌಂಟ್ ಅನ್ನುವ ಮಾತು ಬರುವ ಮೊದಲು ಲೈಸೆನ್ಸ್ ಬರಬೇಕು. ವಯಸ್ಸು 21 ತುಂಬಿರಬೇಕು. ಅರ್ಜಿ, ಪೊಲೀಸ್ ವರದಿ, ಯಾಕೆ ಬೇಕು ಅನ್ನುವುದಕ್ಕೆ ಕಾರಣ, ಇಷ್ಟೂ ಆಗಿ ಜಿಲ್ಲಾಧಿಕಾರಿ ಕಚೇರಿಯಿಂದ ಒಪ್ಪಿಗೆ ಬಂದ ಮೇಲೆ ಮಾತ್ರ ಅಂಗಡಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಜನ ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. 9 ಮಿ.ಮೀ. ಪಿಸ್ತೂಲು ನಮಗೆ ನಿಷಿದ್ಧ. ಸಿಗುವುದು 0.32 ಇಂಚಿನದು. ತೋಟ ಕಾಯಲು ಕೋವಿ ಇಟ್ಟುಕೊಂಡವರಿಗೆ ಇದರ ಪಾಡು ಗೊತ್ತೇ ಇದೆ. ಚುನಾವಣೆ ಬಂತೆಂದರೆ ಠಾಣೆಗೆ ಹೊತ್ತುಕೊಂಡು ಹೋಗಿ ಜಮಾ ಮಾಡಿ ಬರುವುದು. ಕೊಡಗಿನವರಿಗೆ ಇರುವ ವಿನಾಯ್ತಿ ನಮಗೂ ಇದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಇಲ್ಲ. ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಶಿವಮೊಗ್ಗಕ್ಕೆ ಸಂಬಂಧವಿಲ್ಲ.

ಎರಡನೆಯದು, ಗಾಳಿಯ ಪಿಸ್ತೂಲ್. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಎರಡು ಅಳತೆ ಇದೆ: ನಳಿಗೆಯ ಒಳ ಅಗಲ 0.177 ಇಂಚು, ಅಂದರೆ 4.5 ಮಿ.ಮೀ. ಮೀರಬಾರದು. ಗುಂಡಿನ ಶಕ್ತಿ 20 ಜೂಲ್ ಮೀರಬಾರದು. ಎರಡೂ ಮಿತಿಯೊಳಗೆ ಇದ್ದರೆ ಲೈಸೆನ್ಸ್ ಬೇಡ. ಒಂದು ಮೀರಿದರೂ ಬೇಕು. ಆಫರ್ ಪಟ್ಟಿಯಲ್ಲಿ 5.5 ಮಿ.ಮೀ.ಯದು ಕಂಡು "ದೊಡ್ಡದು, ಅದೇ ಬೆಲೆ" ಅಂತ ಕೈ ಹಾಕಬೇಡಿ. ಅದು ಲೈಸೆನ್ಸಿನ ಸಾಮಾನು.

ಶಕ್ತಿಯ ಲೆಕ್ಕವನ್ನು ನೀವೇ ಹಾಕಬಹುದು. ಗುಂಡಿನ ತೂಕವನ್ನು ಕಿಲೋಗ್ರಾಮಿಗೆ ತನ್ನಿ. ಸೆಕೆಂಡಿಗೆ ಎಷ್ಟು ಮೀಟರ್ ಅನ್ನುವುದನ್ನು ಅದರಿಂದಲೇ ಒಮ್ಮೆ ಗುಣಿಸಿ. ಎರಡನ್ನೂ ಗುಣಿಸಿ ಅರ್ಧ ಮಾಡಿ. 0.45 ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ಹೋದರೆ ಸುಮಾರು 5 ಜೂಲ್. ಒಲಿಂಪಿಕ್ಸ್‌ನಲ್ಲಿ ಬಳಸುವ ಪಿಸ್ತೂಲಿನ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಜಾಹೀರಾತಿನಲ್ಲಿ ವೇಗವನ್ನು ಅಡಿಯಲ್ಲಿ ಹೇಳಿರುತ್ತಾರೆ. 500 ಅಡಿ ಅಂದರೆ 152 ಮೀಟರ್. 10 ಮೀಟರ್ ದೂರದ ಕಾಗದಕ್ಕೆ ಇದಕ್ಕಿಂತ ವೇಗ ಬೇಕಿಲ್ಲ. "ಅತಿ ವೇಗ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅದು ನಿಮ್ಮ ಉಪಯೋಗಕ್ಕಲ್ಲ.

ಯಾಕೆ ಬೇಕು? ಮಂಗ ಓಡಿಸೋಕಾದರೆ ಬೇಡ

ಇದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ನಾನು ಪಿಸ್ತೂಲ್ ತರಿಸಿದ್ದು ಗೊತ್ತಾದ ಕೂಡಲೇ ನೆರೆಯವರು ಕೇಳಿದ ಮೊದಲ ಪ್ರಶ್ನೆ, "ಮಂಗಕ್ಕೆ ತಾಗುತ್ತಾ?" ಏಲಕ್ಕಿ, ಬಾಳೆ, ಎಳೆ ಅಡಿಕೆ ಕಳೆದುಕೊಂಡವರ ಸಿಟ್ಟು ನನಗೂ ಗೊತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಲ್ಲುವುದು ಮಾತ್ರ ಬೇಟೆಯಲ್ಲ, ಗಾಯ ಮಾಡುವುದೂ ಬೇಟೆಯೇ. ಪಿಸ್ತೂಲಿಗೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಒಪ್ಪಿಗೆ ಇದೆ ಅಂತ ಆಗುವುದಿಲ್ಲ. 5 ಜೂಲಿನ ಗುಂಡಿಗೆ ಮಂಗ ಕೂಡಲೇ ಸಾಯುವುದೂ ಇಲ್ಲ. ಗಾಯವಾಗಿ, ಕೀವಾಗಿ, ಎಲ್ಲೋ ತೋಟದ ಮೂಲೆಯಲ್ಲಿ ದಿನಗಟ್ಟಲೆ ನರಳುತ್ತದೆ. ನಮ್ಮ ಜಿಲ್ಲೆಯವರಿಗಂತೂ ಬೇರೆ ಭಯವೂ ಇದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಮನುಷ್ಯರನ್ನು ಕಚ್ಚುತ್ತದೆ. ತೋಟದಲ್ಲಿ ಮಂಗ ಸಾಯುವುದು ಯಾರಿಗೂ ಬೇಡದ ಸುದ್ದಿ.

ಹಾಗಾಗಿ ಇದು ಕಾಗದಕ್ಕೆ ಗುರಿ ಹೊಡೆಯಲು ಕಲಿಯುವವರಿಗೆ ಮಾತ್ರ ಬರೆದದ್ದು.

ಕೊಳ್ಳುವ ಮೊದಲು ಒಂದು ತಿಂಗಳು ಬಾಟಲಿ

ಖರ್ಚಿಲ್ಲದ ಹೆಜ್ಜೆ. ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ. ಕುತ್ತಿಗೆ ಹಿಡಿದು ತೋಳು ನೇರ ಚಾಚಿ, ಒಂದೇ ಕೈಯಲ್ಲಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಹದಿನೈದು ಸೆಕೆಂಡು ಅಲುಗದೆ ನಿಲ್ಲಿ. ಇಳಿಸಿ. ಹೀಗೆ ದಿನಕ್ಕೆ ಇಪ್ಪತ್ತು ಸಲ. ಸ್ಪರ್ಧೆಯ ಪಿಸ್ತೂಲು ಸುಮಾರು ಒಂದು ಕಿಲೋ ತೂಗುತ್ತದೆ. ನಿಯಮದ ಪ್ರಕಾರ 1,500 ಗ್ರಾಂ ಮೀರುವ ಹಾಗಿಲ್ಲ. ಪಂದ್ಯದಲ್ಲಿ 60 ಈಡು. ಅಂದರೆ ಆ ತೂಕವನ್ನು ಕನಿಷ್ಠ 60 ಸಲ ಎತ್ತಬೇಕು, ನಿಜ ಹೇಳಬೇಕೆಂದರೆ ನೂರಕ್ಕೂ ಜಾಸ್ತಿ ಸಲ. ಮನಸ್ಸಿಗೆ ಬಾರದೆ ಇಳಿಸಿದ್ದೂ ಲೆಕ್ಕ ತಾನೆ.

ನಮ್ಮ ಹುಡುಗಿ ಒಂಬತ್ತನೇ ದಿನಕ್ಕೆ ಬಾಟಲಿ ಬಿಟ್ಟಳು. ಮತ್ತೆ ಹಿಡಿದಳು. ಆಮೇಲೆ ಬಿಡಲಿಲ್ಲ. ಬಿಟ್ಟಿದ್ದರೆ ಎರಡನೇ ಪಿಸ್ತೂಲಿನ ದುಡ್ಡು ಉಳಿಯುತ್ತಿತ್ತು.

ಅದೇ ತಿಂಗಳಲ್ಲಿ ಕಣ್ಣನ್ನೂ ನೋಡಿಕೊಳ್ಳಿ. ಎರಡು ಅಂಗೈ ಜೋಡಿಸಿ ಸಣ್ಣ ಕಿಂಡಿ ಮಾಡಿ, ದೂರದ ಒಂದು ಅಡಿಕೆ ಗೊನೆಯನ್ನು ಅದರಲ್ಲಿ ಹಿಡಿಯಿರಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗೊನೆ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಜೋರಿದ್ದರೆ ಕೋಚ್ ಹತ್ತಿರ ಮಾತಾಡಿ, ಆಮೇಲೆ ಯಾವ ಕೈಯ ಹಿಡಿ ಅಂತ ತೀರ್ಮಾನಿಸಿ.

ಯಾವ ಗಾಳಿ?

ಬೆಲೆ ಚೀಟಿಗಿಂತ ಮೊದಲು ನೋಡಬೇಕಾದದ್ದು ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು. ನಾಲ್ಕು ಬಗೆ ಇದೆ. ನಮ್ಮ ಕಡೆಯ ಹವೆಗೆ ನಾಲ್ಕೂ ಒಂದೇ ಅಲ್ಲ.

ಸ್ಪ್ರಿಂಗಿನದು ಎಲ್ಲಕ್ಕಿಂತ ಅಗ್ಗ. ನಳಿಗೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಗುಂಡು ನಳಿಗೆ ಬಿಡುವ ಮೊದಲೇ ಪಿಸ್ತೂಲು ಕೈಯಲ್ಲಿ ಒದ್ದಾಡುತ್ತದೆ. ಇದರಲ್ಲಿ ತಪ್ಪು ನಿಮ್ಮದೋ ಸ್ಪ್ರಿಂಗಿನದೋ ಗೊತ್ತಾಗುವುದಿಲ್ಲ, ಅದೇ ತೊಂದರೆ. ಗುಂಡಿಲ್ಲದೆ ಹೊಡೆದರೆ ಪಿಸ್ಟನ್ ಬಡಿದು ಹಾಳಾಗುತ್ತದೆ. ಬಿಗಿ ಮಾಡಿಟ್ಟು ಮರೆತರೆ ಸ್ಪ್ರಿಂಗ್ ಸೋಲುತ್ತದೆ.

ಕಾರ್ಬನ್ ಡೈಆಕ್ಸೈಡ್‌ನದು ಕೊಳ್ಳುವಾಗ ಅಗ್ಗ, ಸಾಕುವಾಗ ದುಬಾರಿ. 12 ಗ್ರಾಂನ ಸಣ್ಣ ಸಿಲಿಂಡರು ಖಾಲಿಯಾದಂತೆಲ್ಲ ಹೊಸದು ಹಾಕಬೇಕು. ಅದು ತಾಲ್ಲೂಕು ಪೇಟೆಯಲ್ಲಿ ಸಿಗುವ ಸಾಮಾನಲ್ಲ. ಇನ್ನೊಂದು ವಿಷಯ, ಈ ಗ್ಯಾಸಿನ ಒತ್ತಡ ಚಳಿಗೆ ಇಳಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಮಂಜು ಬಿಡುವ ಮೊದಲು ಹೊಡೆದರೆ ಗುಂಡು ಕೆಳಗೆ ಬೀಳುತ್ತದೆ. ಮಧ್ಯಾಹ್ನ ಹೊಡೆದರೆ ಮೇಲೆ. ಬೇಗ ಬೇಗ ಹೊಡೆದರೂ ಸಿಲಿಂಡರು ತಣ್ಣಗಾಗಿ ಹಾಗೇ ಆಗುತ್ತದೆ.

ಮೂರನೆಯದು ಒಂದೇ ಒತ್ತಿನ ಗಾಳಿಯದು. ಪ್ರತಿ ಈಡಿಗೂ ಸನ್ನೆಗೋಲನ್ನು ಒಮ್ಮೆ ಎಳೆದು ಮುಚ್ಚಿದರೆ ಬೇಕಾದಷ್ಟೇ ಗಾಳಿ ಒಳಗೆ ಸೇರುತ್ತದೆ. ಸಿಲಿಂಡರು ಬೇಡ, ಪಂಪು ಬೇಡ. ಒದೆತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪ್ರತಿ ಸಲವೂ ಒಂದೇ ಒತ್ತಡ. ರಷ್ಯಾದ ಬೈಕಾಲ್ 46ಎಂ, ಸ್ಪೇನಿನ ಗಾಮೊ ಕಾಂಪ್ಯಾಕ್ಟ್, ಜರ್ಮನಿಯ ವೈರಾಖ್ ಎಚ್‌ಡಬ್ಲ್ಯು 40 ಈ ಬಗೆಯವು. ಎಲ್ಲವೂ ಎಲ್ಲ ಕಾಲಕ್ಕೂ ಸಿಗುತ್ತವೆ ಅಂತಲ್ಲ, ಜಾತಿ ಗುರುತಿಸಲು ಹೇಳಿದೆ. ಹಳ್ಳಿಯಲ್ಲಿ ಕೂತು ಕಲಿಯುವವರಿಗೆ ನನ್ನ ಮತ ಇದಕ್ಕೇ. ಒಂದು ಕೊರತೆ, ಎಳೆಯಲು ರಟ್ಟೆಯಲ್ಲಿ ಸ್ವಲ್ಪ ಶಕ್ತಿ ಬೇಕು. ಹನ್ನೆರಡು ವರ್ಷದ ಮಕ್ಕಳಿಗೆ ದೊಡ್ಡವರೇ ಎಳೆದು ಕೊಡಬೇಕಾಗಬಹುದು.

ನಾಲ್ಕನೆಯದು ಮೊದಲೇ ಗಾಳಿ ತುಂಬಿದ ಸಿಲಿಂಡರಿನದು. ಪಿಸಿಪಿ ಅನ್ನುತ್ತಾರೆ. ಮೊರಿನಿ, ಸ್ಟೈರ್, ವಾಲ್ಟರ್, ಫೈನ್‌ವರ್ಕ್‌ಬಾವ್, ಪಾರ್ಡಿನಿ ಹೀಗೆ ದೊಡ್ಡ ಪಂದ್ಯಗಳಲ್ಲಿ ಕಾಣುವುದೆಲ್ಲ ಇದೇ. ಹೊಸದಾದರೆ ಲಕ್ಷದ ಮೇಲಿನ ಮಾತು. ಹ್ಯಾಮರ್ಲಿ ಎಪಿ20ಯಂಥವು ಹೊಸಬರಿಗೆಂದೇ ಮಾಡಿದವು, ಸ್ವಲ್ಪ ಕಡಿಮೆ. ಸಿಲಿಂಡರಿಗೆ 200 ಬಾರ್ ಒತ್ತಡ ಬೇಕು. ಕಾರಿನ ಟಯರಿಗೆ ಹಾಕುವುದು ಎರಡು ಬಾರ್ ಚಿಲ್ಲರೆ. ಪಂಚರ್ ಅಂಗಡಿಗೆ ತೆಗೆದುಕೊಂಡು ಹೋಗಿ "ಸ್ವಲ್ಪ ಗಾಳಿ ಹಾಕಪ್ಪ" ಅನ್ನೋಕಾಗಲ್ಲ. ಇದಕ್ಕೇ ಇರುವ ಕೈಪಂಪು ಕೊಳ್ಳಬೇಕು. ಆಫರ್ ಬೆಲೆಯಲ್ಲಿ ಪಂಪು ಸೇರಿದೆಯೇ ಅಂತ ಕೇಳಿ. ಬಹಳ ಸಲ ಸೇರಿರುವುದಿಲ್ಲ.

ಪಂಪು ಕೊಂಡರೆ ನೀರಿನ ಪಸೆ ಹಿಡಿಯುವ ಫಿಲ್ಟರು ಇರುವುದನ್ನೇ ಕೊಳ್ಳಿ. ಬಯಲುಸೀಮೆಯವರಿಗೆ ಇದು ಇಲ್ಲದಿದ್ದರೂ ಆದೀತು. ನಮಗೆ ಬೇಕೇ ಬೇಕು. ಮಳೆಗಾಲದ ಗಾಳಿಯನ್ನು 200 ಪಟ್ಟು ಒತ್ತಿದರೆ ಅದರಲ್ಲಿರುವ ನೀರೆಲ್ಲ ಸಿಲಿಂಡರಿನೊಳಗೇ ಇಳಿಯುತ್ತದೆ. ಒಳಗೆ ತುಕ್ಕು ಹಿಡಿದದ್ದು ಹೊರಗೆ ಕಾಣುವುದಿಲ್ಲ. ಐವತ್ತು ಸಲ ಒತ್ತಿದ ಮೇಲೆ ಪಂಪನ್ನು ತಣ್ಣಗಾಗಲು ಬಿಡಿ. ಗಾಳಿಯ ಬದಲು ಆಮ್ಲಜನಕದ ಸಿಲಿಂಡರಿನಿಂದ ತುಂಬಿಸುವ ಜಾಣತನ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಎಣ್ಣೆಯ ಪಸೆ ತಾಗಿದರೆ ಸಿಡಿಯುತ್ತದೆ.

ಆಫರ್ ಓದುವುದು

ನಾನು ಬಿದ್ದದ್ದು ಒಂದೇ ಒಂದು ಅಂಕಿಗೆ: 4.5 ಮಿ.ಮೀ. ಗುರಿ ಪಿಸ್ತೂಲಿಗೂ 4.5, ಆಟದ ಪಿಸ್ತೂಲಿಗೂ 4.5. ಆದರೆ ಒಂದು ಸೀಸದ ಪೆಲೆಟ್ ಹಾರಿಸುತ್ತದೆ, ಇನ್ನೊಂದು ಉಕ್ಕಿನ ಉರುಟು ಗುಂಡು. ಪೆಲೆಟ್ ನಡುವೆ ಸಣ್ಣ ಸೊಂಟ ಇರುವ, ಹಿಂದೆ ಲಂಗದ ಹಾಗೆ ಅಗಲವಾದ ಗುಂಡು. ನಳಿಗೆಯೊಳಗೆ ಸುರುಳಿ ಗೀರು ಇದ್ದರೆ ಅದು ಗೀರು ಕಚ್ಚಿಕೊಂಡು ತಿರುಗುತ್ತಾ ಹೋಗುತ್ತದೆ. ತಿರುಗಿದ್ದಕ್ಕೇ ನೇರ ಹೋಗುತ್ತದೆ. ಉಕ್ಕಿನ ಗುಂಡಿನ ನಳಿಗೆ ನುಣುಪು. ಅದು ಎಲ್ಲಿಗೆ ಬೇಕಾದರೂ ಹೋಗಬಹುದು, ಗಟ್ಟಿ ಹಲಗೆಗೆ ತಾಗಿದರೆ ನಿಮ್ಮ ಕಡೆಗೇ ಬರಬಹುದು. 6 ಮಿ.ಮೀ. ಅಂತ ಬರೆದದ್ದು ಪ್ಲಾಸ್ಟಿಕ್ ಗುಂಡಿನದು. ಅದೂ ಬೇಡ.

ಆದ್ದರಿಂದ ಅಂಗಡಿಯವರಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ. ನಳಿಗೆಯಲ್ಲಿ ಗೀರು ಇದೆಯಾ? ಪೆಲೆಟ್ಟೋ, ಉರುಟು ಗುಂಡೋ? ಗುರಿ ನೋಡುವ ಹಿಂದಿನ ಕಿಂಡಿಯನ್ನು, ಅಂದರೆ ಹಿಂದಿನ ಸೈಟನ್ನು, ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಪಿನಲ್ಲಿ ಸರಿಸಬಹುದಾ? ಮೂರರಲ್ಲಿ ಒಂದಕ್ಕೆ ತಡವರಿಸಿದರೂ ಬಿಟ್ಟುಬಿಡಿ. ನಿಜವಾದ ಪಿಸ್ತೂಲಿನ ಹಾಗೇ ಕಾಣುವುದು, ಲೇಸರ್ ದೀಪ, ಸೈಲೆನ್ಸರ್ ಹಾಗಿರುವ ಕೊಳವೆ, ಇವೆಲ್ಲ ಫೋಟೋಕ್ಕೆ ಚೆಂದ. ನೋಡಲು ಸೊಟ್ಟ ಸೊಟ್ಟ ಮರದ ಹಿಡಿ, ಉದ್ದ ನಳಿಗೆ, ವರ್ಕ್‌ಶಾಪಿನ ಉಪಕರಣದ ಹಾಗಿರುವುದೇ ಗುರಿ ಪಿಸ್ತೂಲು.

ಯಾವುದು ರಿಯಾಯಿತಿಯಲ್ಲಿದೆ ಅನ್ನುವುದಕ್ಕಿಂತ ಯಾಕೆ ಇದೆ ಅಂತ ನೋಡಿ. ಹಬ್ಬದ ಆಫರ್ ಆದರೆ ಸರಿ. ಹಳೇ ಮಾಡೆಲ್ ಖಾಲಿ ಮಾಡುವುದಾದರೆ ಸೀಲು, ವಾಷರು, ಸ್ಪ್ರಿಂಗು ಇನ್ನೂ ಸಿಗುತ್ತದೆಯೇ ಅಂತ ವಿಚಾರಿಸಿ. ಎಡಗೈಯ ಹಿಡಿ ಅಥವಾ ತೀರಾ ದೊಡ್ಡ ಹಿಡಿ ಇದ್ದದ್ದನ್ನೂ ಯಾರೂ ಕೊಳ್ಳದೆ ಅಗ್ಗಕ್ಕೆ ಹಾಕಿರುತ್ತಾರೆ. ರಿಪೇರಿಯ ಬಗ್ಗೆ ಕೇಳಲು ಸಂಕೋಚ ಬೇಡ. 2021ರಲ್ಲಿ ಟೋಕಿಯೊದಲ್ಲಿ ಇದೇ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು ಹೊತ್ತು ಹೋಯಿತು, ಫೈನಲ್ ತಪ್ಪಿತು. ಅವರಿಗಾದರೆ ಪಕ್ಕದಲ್ಲಿ ಕೋಚ್ ಇದ್ದರು. ನಮಗೆ ಕೆಟ್ಟರೆ ಕೊರಿಯರ್ ಆಫೀಸೇ ಗತಿ.

ಕೈಗೆ ಹಿಡಿದು ನೋಡುವುದು

ಸಾಧ್ಯವಾದರೆ ಬೆಂಗಳೂರಿಗೆ ಹೋದಾಗ ಒಂದು ದಿನ ಇದಕ್ಕೇ ಇಟ್ಟುಕೊಳ್ಳಿ. ಯಾವುದಾದರೂ ಶೂಟಿಂಗ್ ಕ್ಲಬ್ಬಿನಲ್ಲಿ ಅವರದೇ ಪಿಸ್ತೂಲಿನಲ್ಲಿ ಐವತ್ತು ಈಡು ಹೊಡೆಯಿರಿ. ರಾಜ್ಯದ ರೈಫಲ್ ಅಸೋಸಿಯೇಷನ್ ಇರುವುದೂ ಅಲ್ಲೇ. ನಮ್ಮ ರಾಜ್ಯದವರೇ ಆದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ.

ಹಿಡಿಯನ್ನು ಹೀಗೆ ನೋಡಿ. ಕಣ್ಣು ಮುಚ್ಚಿ. ಪಿಸ್ತೂಲನ್ನು ಗುರಿಗೆ ಎತ್ತಿ. ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಿಂಡಿಯ ನಡುವೆ ತಾನಾಗಿಯೇ ಕೂತಿರಬೇಕು. ಪ್ರತಿ ಸಲ ಮಣಿಕಟ್ಟು ತಿರುಚಿ ಸರಿ ಮಾಡಿಕೊಳ್ಳಬೇಕು ಅಂತಾದರೆ ಆ ಹಿಡಿ ನಿಮ್ಮದಲ್ಲ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಕುದುರೆಯ ಮೇಲೆ ಬರಬೇಕು. ಬೆರಳಿನ ಪಕ್ಕ ಮರಕ್ಕೆ ತಾಗಬಾರದು. ಮರದ ಹಿಡಿ ಸ್ವಲ್ಪ ದೊಡ್ಡದಾದರೆ ಹೆದರಬೇಡಿ, ಮರಳು ಕಾಗದದಲ್ಲಿ ಉಜ್ಜಬಹುದು, ಸಣ್ಣದಾದರೆ ಮರದ ಪುಟ್ಟಿ ಮೆತ್ತಬಹುದು. ಎಲ್ಲ ಶೂಟರುಗಳೂ ಮಾಡುವುದೇ. ಪ್ಲಾಸ್ಟಿಕ್ ಹಿಡಿಗೆ ಈ ಭಾಗ್ಯ ಇಲ್ಲ.

ಕುದುರೆಯ ತೂಕ ಎರಡನೇ ಮುಖ್ಯ ವಿಷಯ. ನನ್ನ ಮಟ್ಟಿಗೆ ನಳಿಗೆಗಿಂತ ಮುಖ್ಯ. ಸ್ಪರ್ಧೆಯ ನಿಯಮದಲ್ಲಿ ಅದು ಕನಿಷ್ಠ 500 ಗ್ರಾಂ ಇರಬೇಕು. ಅಗ್ಗದ ಪಿಸ್ತೂಲುಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಗಟ್ಟಿ ಇರುತ್ತದೆ. ಎಳೆಯುವ ಹೊತ್ತಿಗೆ ಗುರಿಯೇ ಪಕ್ಕಕ್ಕೆ ಜಾರಿರುತ್ತದೆ. ಅಂಗಡಿಯವರು ಒಪ್ಪಿದರೆ ಒಂದು ಪರೀಕ್ಷೆ ಮಾಡಿ. ಅರ್ಧ ಲೀಟರ್ ನೀರಿನ ಬಾಟಲಿಗೆ ದಾರ ಕಟ್ಟಿ ಕುದುರೆಗೆ ಸಿಕ್ಕಿಸಿ. ಪೆಲೆಟ್ ಇಲ್ಲದ ಪಿಸ್ತೂಲನ್ನು ಗಾಳಿ ತುಂಬಿ, ನಳಿಗೆ ಮೇಲಕ್ಕೆ ಮಾಡಿ, ಮೆಲ್ಲಗೆ ಎತ್ತಿ. ಅರ್ಧ ಕಿಲೋ ಮೇಲಿನ ಆ ತೂಕಕ್ಕೆ ಬಿಟ್ಟುಕೊಟ್ಟರೆ ಒಳ್ಳೆಯ ಕುದುರೆ. ಒಂದು ಲೀಟರಿಗೂ ಜಗ್ಗದಿದ್ದರೆ ತಿರುಪಿನಲ್ಲಿ ಸಡಿಲ ಮಾಡಲು ಬರುತ್ತದೆಯೇ ಕೇಳಿ. ಬರದಿದ್ದರೆ ಬೇಡ. ಸ್ಪ್ರಿಂಗ್ ಪಿಸ್ತೂಲಿಗೆ ಈ ಪರೀಕ್ಷೆ ಮಾಡಬೇಡಿ, ಖಾಲಿ ಬಡಿತಕ್ಕೆ ಪಿಸ್ಟನ್ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್

ಓದು ಅಥವಾ ಮದುವೆ ಅಂತ ಆಟ ಬಿಟ್ಟವರ ಪಿಸ್ತೂಲು ಅರ್ಧ ಬೆಲೆಗೆ ಬರುವುದುಂಟು. ಒಳ್ಳೆಯ ದಾರಿಯೇ. ಆದರೆ ಪಿಸಿಪಿ ಆದರೆ ಪಿಸ್ತೂಲಿಗಿಂತ ಮೊದಲು ಸಿಲಿಂಡರು ನೋಡಿ. ಅದರ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತಾರೆ. ಹೆಚ್ಚಿನ ಕಂಪನಿಗಳು ಹತ್ತು ವರ್ಷದ ಆಯಸ್ಸು ಕೊಡುತ್ತವೆ. ಅವಧಿ ಮುಗಿದದ್ದನ್ನು ಪಂದ್ಯಕ್ಕೆ ತರುವ ಹಾಗಿಲ್ಲ, ಮನೆಯಲ್ಲೂ ಬಳಸಬಾರದು. ನಾವು ಎರಡನೇ ಸಲ ಹುಡುಕುವಾಗ ಒಬ್ಬರು "ಅಪರೂಪದ ಬೆಲೆ" ಅಂತ ತೋರಿಸಿದ ಪಿಸ್ತೂಲಿನ ಎರಡೂ ಸಿಲಿಂಡರುಗಳ ಕಾಲ ಮುಗಿದಿತ್ತು. ಹೊಸ ಸಿಲಿಂಡರು ಸೇರಿಸಿದರೆ ಅಪರೂಪವೂ ಇಲ್ಲ, ಬೆಲೆಯೂ ಇಲ್ಲ.

ಸಿಲಿಂಡರು ಸರಿ ಇದ್ದರೆ ಪೂರ್ತಿ ತುಂಬಿಸಿ, ಒತ್ತಡ ತೋರಿಸುವ ಮುಳ್ಳು ಎಲ್ಲಿದೆ ಅಂತ ಫೋನಿನಲ್ಲಿ ಫೋಟೋ ಹಿಡಿದು, ಒಂದು ರಾತ್ರಿ ಬಿಟ್ಟು ನೋಡಿ. ಇಳಿದಿದ್ದರೆ ಸೀಲು ಹೋಗಿದೆ. ಆಮೇಲೆ ಮರಳಿನ ಚೀಲದ ಮೇಲೆ ಕೈ ಊರಿ 10 ಮೀಟರಿಗೆ ಐದು ಈಡು. ಐದೂ ಒಂದು ಐದು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗಬೇಕು. ಆ ನಾಣ್ಯ ಸುಮಾರು 23 ಮಿ.ಮೀ. ಗುರಿ ಕಾಗದದ ಒಂಬತ್ತರ ಸುತ್ತು 27.5 ಮಿ.ಮೀ., ಹತ್ತರ ಸುತ್ತು ಬರೀ 11.5 ಮಿ.ಮೀ. ಸ್ಪರ್ಧೆಯ ಪಿಸ್ತೂಲಾದರೆ ಹತ್ತರ ಸುತ್ತಿಗಿಂತಲೂ ಚಿಕ್ಕ ಜಾಗದಲ್ಲಿ ಐದೂ ಬೀಳಬೇಕು.

ಬಿಲ್ಲು, ಸಾಗಣೆ

ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ. ಕೊಡಿ. ಕೇಳದೆ ಕೊಡುವ ಅಂಗಡಿಯ ಮೇಲೆಯೇ ಅನುಮಾನ ಪಡಿ. ಬಿಲ್ಲಿನಲ್ಲಿ ಮಾಡೆಲ್, ಸೀರಿಯಲ್ ನಂಬರ್, 0.177 ಅಂತ ಬರೆದಿರಬೇಕು. ಮಕ್ಕಳಿಗೆ ಕೊಡಿಸುವುದಾದರೆ ಬಿಲ್ಲು ದೊಡ್ಡವರ ಹೆಸರಿಗೇ ಇರಲಿ. ಅದರ ಒಂದು ಜೆರಾಕ್ಸ್ ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ. ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗಿನಿಂದ ಪಿಸ್ತೂಲಿನ ಹಿಡಿ ಇಣುಕಿದರೆ ಅದು ಗಾಳಿಯದೋ ಮದ್ದಿನದೋ ಅಂತ ಯಾರೂ ವಿಚಾರಿಸುತ್ತಾ ಕೂರಲ್ಲ. ಯಾವಾಗಲೂ ಮುಚ್ಚಿದ ಪೆಟ್ಟಿಗೆ, ಖಾಲಿ ನಳಿಗೆ, ಪೆಲೆಟ್ ಬೇರೆ ಚೀಲ.

ದುಡ್ಡು ಎಣಿಸುವಾಗ ಪಿಸ್ತೂಲೊಂದನ್ನೇ ಎಣಿಸಬೇಡಿ. ವಾರಕ್ಕೆ ಎರಡು ಸಲ 60 ಈಡು ಹೊಡೆದರೂ 500ರ ಡಬ್ಬಿ ತಿಂಗಳಿಗೆ ಮುಗಿಯುತ್ತದೆ. ಗುರಿ ಕಾಗದ, ಕಣ್ಣಿಗೆ ಗಟ್ಟಿ ಕನ್ನಡಕ, ಗುಂಡು ಹಿಡಿಯುವ ಪೆಟ್ಟಿಗೆ ಬೇರೆ. ಕೈಯಲ್ಲಿರುವ ದುಡ್ಡಿನ ಮುಕ್ಕಾಲು ಪಾಲಿಗೆ ಪಿಸ್ತೂಲು ಕೊಂಡು ಕಾಲು ಪಾಲು ಉಳಿಸಿಕೊಳ್ಳಿ. ಪೆಲೆಟ್ ಮುಂಭಾಗ ಚಪ್ಪಟೆ ಇರುವುದನ್ನೇ ಕೊಳ್ಳಿ, ಕಾಗದದಲ್ಲಿ ಉರುಟಾಗಿ ತೂತು ಬೀಳುತ್ತದೆ.

ಮನೆಯಲ್ಲೇ ರೇಂಜ್

ಮಲೆನಾಡಿನ ಹಳೇ ಮನೆಯಲ್ಲಿರುವವರಿಗೆ ಇದೊಂದು ಅನುಕೂಲ. 10 ಮೀಟರ್ ಅಂದರೆ 33 ಅಡಿ. ನಮ್ಮ ಜಗಲಿ ಉದ್ದಕ್ಕೆ ಸರಿಯಾಗಿ ಅಷ್ಟಿದೆ. ಅಡಿಕೆ ಒಣಗಿಸಿ ಮುಗಿದ ಮೇಲೆ ಅಂಗಳವೂ ಆದೀತು. ಗುರಿಯ ನಡು ಬಿಂದು ನೆಲದಿಂದ 1.4 ಮೀಟರ್ ಎತ್ತರ.

ಜಂಬಿಟ್ಟಿಗೆ ಗೋಡೆಗೆ ನೇರ ಹೊಡೆಯಬೇಡಿ. ಉಬ್ಬು ತಗ್ಗಿನ ಗೋಡೆ, ಪೆಲೆಟ್ ಯಾವ ಕಡೆ ಚಿಮ್ಮುತ್ತದೆ ಅಂತ ಹೇಳೋಕಾಗಲ್ಲ. ಒಂದು ಗಟ್ಟಿ ಮರದ ಪೆಟ್ಟಿಗೆ ಮಾಡಿಸಿ, ಹಳೇ ಸೀರೆ, ಬಟ್ಟೆಯ ಚೂರುಗಳನ್ನು ಒತ್ತಿ ಒತ್ತಿ ತುಂಬಿ. ಹಿಂದೆ ಕಬ್ಬಿಣದ ತಗಡು. ಅದರ ಹಿಂದೆ ಒಂದು ಹಳೇ ಕಂಬಳಿ ಇಳಿಬಿಡಿ. ಕೊಟ್ಟಿಗೆ, ಬಾವಿ, ಬಚ್ಚಲು ಇವುಗಳಿಗೆ ಹೋಗುವ ದಾರಿ ಗುರಿಯ ಕಡೆ ಇರಬಾರದು. ಹೊಡೆಯುವ ಮೊದಲು ಅಡ್ಡ ಹಗ್ಗ ಕಟ್ಟಿ. ನಾಯಿಯನ್ನೂ ಕಟ್ಟಿ.

ನಳಿಗೆ ಯಾವಾಗಲೂ ಗುರಿಯ ಕಡೆಗೇ. ಸೈಟು ಗುರಿಗೆ ಬರುವ ತನಕ ಬೆರಳು ಕುದುರೆಯ ಹೊರಗೆ. ಪಿಸ್ತೂಲು ಕೆಳಗಿಟ್ಟಾಗ ನಳಿಗೆಯ ಮೂಲಕ ಕೇಸರಿ ಬಣ್ಣದ ದಾರ ತೂರಿಸಿ, ಎರಡೂ ಕಡೆ ಕಾಣುವ ಹಾಗೆ. ಒಳಗೆ ಪೆಲೆಟ್ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಪಂದ್ಯಗಳಲ್ಲೂ ಹೀಗೇ ಮಾಡುತ್ತಾರೆ. ಪೆಲೆಟ್ ಸೀಸದ್ದು, ಆದ್ದರಿಂದ ಹೊಡೆಯುವ ಹೊತ್ತಿನಲ್ಲಿ ಎಲೆ ಅಡಿಕೆ, ಅವಲಕ್ಕಿ ಎಲ್ಲ ಬಂದ್. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬೀಗ ಹಾಕಿದ ಕಪಾಟು ಬೇಕು. ಬೀಗದ ಕೈ ಮಕ್ಕಳಿಗೆ ಗೊತ್ತಿರುವ ಮೊಳೆಯಲ್ಲಿ ನೇತಾಡಬಾರದು.

ಮೊದಲ ವಾರ ಖಾಲಿ ಬಿಳಿ ಕಾಗದಕ್ಕೆ ಹೊಡೆಯಿರಿ. ಸುತ್ತು ಇದ್ದರೆ ಕಣ್ಣು ಅದರ ಹಿಂದೆ ಓಡುತ್ತದೆ. ನೋಡಬೇಕಾದದ್ದು ಮುಂದಿನ ಸೈಟನ್ನು. ಗುರಿ ಮಬ್ಬಾಗಿ ಕಂಡರೂ ಪರವಾಗಿಲ್ಲ. ಅಂಕ ಬರೆಯುವುದು ಎರಡನೇ ತಿಂಗಳಿಂದ ಸಾಕು. ನಮ್ಮ ಹುಡುಗಿಯ ಮೊದಲ 60 ಈಡಿಗೆ 600ಕ್ಕೆ 371 ಬಂತು. ಅವಳಿಗೆ ಬೇಜಾರಾಯ್ತು. ಅವಳ ಹಿಂದೆ ನಾನು ಹೊಡೆದೆ. ಆಮೇಲೆ ಅವಳಿಗೆ ಬೇಜಾರು ಇರಲಿಲ್ಲ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಅದರ ಸುತ್ತಮುತ್ತ ಇರುವವರ ಪಿಸ್ತೂಲಿಗೆ ನಿಜವಾದ ಶತ್ರು ಜೂನ್ ತಿಂಗಳು. ಕಂಪನಿಯ ಜೊತೆ ಬರುವ ಸ್ಪಂಜಿನ ಪೆಟ್ಟಿಗೆಯಲ್ಲಿ ಇಡಬೇಡಿ. ಸ್ಪಂಜು ನೀರಿನ ಪಸೆ ಹೀರಿ ಕಬ್ಬಿಣಕ್ಕೇ ಒರಗಿಕೊಂಡಿರುತ್ತದೆ. ನಾವು ಅಗಲ ಬಾಯಿಯ ಗಾಳಿಯಾಡದ ಡಬ್ಬದಲ್ಲಿ, ಹತ್ತಿ ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇವೆ. ಪೊಟ್ಟಣವನ್ನು ಹದಿನೈದು ದಿನಕ್ಕೊಮ್ಮೆ ಒಲೆಯ ಮೇಲಿನ ಬೆಚ್ಚಗಿನ ಅಟ್ಟದಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪಿಸ್ತೂಲನ್ನೇ ಹೊಗೆ ಅಟ್ಟಕ್ಕೆ ಏರಿಸಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ.

ಹೊಡೆದು ಮುಗಿದ ಪ್ರತಿ ಸಲ ಹೊರಗಿನ ಕಬ್ಬಿಣಕ್ಕೆ ತೆಳ್ಳಗೆ ಹೊಲಿಗೆ ಯಂತ್ರದ ಎಣ್ಣೆ ಒರೆಸಿ. ಕೈಯ ಬೆವರಿನ ಬೆರಳಚ್ಚಿನಲ್ಲೇ ತುಕ್ಕು ಮೊಳೆಯುವುದು. ಒಳಗಿನ ರಬ್ಬರ್ ಸೀಲಿಗೆ ಮಾತ್ರ ಆ ಎಣ್ಣೆ ಬೇಡ, ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಕೈಪಿಡಿಯಲ್ಲಿ ಹೇಳಿದ ಸಿಲಿಕೋನ್ ಗ್ರೀಸೇ ಆಗಬೇಕು. ಮರದ ಹಿಡಿ ಬಿಚ್ಚಿ ಬೇರೆ ಇಡಿ. ಮಳೆಗೆ ಉಬ್ಬಿ ತಿರುಪು ಹಿಡಿದುಕೊಂಡರೆ ಬಿಚ್ಚುವಾಗ ಸೀಳುತ್ತದೆ. ಬೂಸ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಿಸಿ. ಪಿಸಿಪಿ ಸಿಲಿಂಡರನ್ನು ಪೂರ್ತಿ ಖಾಲಿ ಬಿಡಬೇಡಿ, ಸ್ವಲ್ಪ ಒತ್ತಡ ಇದ್ದರೆ ಸೀಲು ಕೂತಿರುತ್ತದೆ. ಒಂದೇ ಒತ್ತಿನದಾದರೆ ಗಾಳಿ ತುಂಬಿಟ್ಟು ಮರೆಯಬೇಡಿ. ಪೆಲೆಟ್ ಡಬ್ಬಿಯನ್ನೂ ಮುಚ್ಚಿಡಿ. ಹಸಿ ಗಾಳಿಗೆ ಸೀಸ ಬಿಳಿ ಪುಡಿ ಬಿಡುತ್ತದೆ, ಅಂಥವನ್ನು ಹೊಡೆಯದೆ ಎಸೆಯುವುದೇ ಒಳ್ಳೆಯದು.

ಗೌರಿ ಹಬ್ಬದ ಹೊತ್ತಿಗೆ ಮಳೆ ಸ್ವಲ್ಪ ಇಳಿಯುತ್ತದೆ. ಆಗ ಹಿಡಿ ಜೋಡಿಸಿ, ತಿರುಪು ಬಿಗಿ ಮಾಡಿ, ನಳಿಗೆಗೆ ಬಟ್ಟೆಯ ತುಂಡು ಎರಡು ಸಲ ಎಳೆಯಿರಿ. ಮೊದಲ ಹತ್ತು ಈಡು ಎಲ್ಲಿಗೆ ಹೋದರೂ ಲೆಕ್ಕಕ್ಕೆ ಹಿಡಿಯಬೇಡಿ. ನಳಿಗೆಯಲ್ಲಿ ಉಳಿದ ಎಣ್ಣೆ ಹೊರಗೆ ಹೋಗುತ್ತಿರುತ್ತದೆ.